ಪಂಚಿಂಗೋ, ಲೇಸರೋ? ಮೊದಲು ತಗಡಿನ ಅಂಚು ಮುಟ್ಟಿ ನೋಡಿ

ಶಿರಸಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಡ್ರೈಯರ್ ಟ್ರೇ ಮಾಡಿಸಲು ಬಂದಿದ್ದರು. ಸ್ಟೇನ್‌ಲೆಸ್ ಸ್ಟೀಲ್ ತಗಡು, ಮೈತುಂಬ ತೂತು, ನಾಲ್ಕೂ ಬದಿ ಮಡಚಬೇಕು. ನಾನು ಅಳತೆ ಬರೆದುಕೊಳ್ಳುವ ಮೊದಲೇ ಅವರ ಷರತ್ತು ಬಂತು: "ತೂತೆಲ್ಲ ಲೇಸರ್‌ನಲ್ಲೇ ಹೊಡ್ಸಿ ಮಾರಾಯ್ರೆ, ಪಂಚಿಂಗ್ ಎಲ್ಲ ಹಳೇ ಕಾಲದ್ದು." ಅದೇ ವಾರ ಕಾರವಾರದಿಂದ ಇನ್ನೊಬ್ಬರು ಫೋನ್ ಮಾಡಿ, ಸಮುದ್ರದ ಬದಿ ನಿಲ್ಲಿಸುವ ವಿದ್ಯುತ್ ಪ್ಯಾನೆಲ್ ಪೆಟ್ಟಿಗೆಗೆ ದರ ಕೇಳಿದರು. ಅವರಿಗೂ ಲೇಸರೇ ಬೇಕು. ಮೂರನೆಯವರು ಕುಮಟೆಯವರು. ಹೊಸ ಮನೆಯ ಗೇಟಿಗೆ ಯಕ್ಷಗಾನದ ಕಿರೀಟದ ಚಿತ್ತಾರ ಬೇಕಂತೆ.

ಮೂವರಲ್ಲಿ ಲೇಸರ್ ನಿಜವಾಗಿ ಬೇಕಾಗಿದ್ದದ್ದು ಕೊನೆಯವರಿಗೆ ಮಾತ್ರ. ಮೊದಲಿಬ್ಬರಿಗೆ ಅದನ್ನು ವಿವರಿಸಿ ಹೇಳುವಷ್ಟರಲ್ಲಿ ಎರಡು ಸಲ ಚಹಾ ತರಿಸಿದ್ದಾಯಿತು.

ತಗಡು ಕತ್ತರಿಸುವ ಈ ಎರಡು ವಿಧಾನಗಳ ಬಗ್ಗೆ ಮಾತು ಬಂದಾಗಲೆಲ್ಲ ಜನ ವೇಗ ಕೇಳುತ್ತಾರೆ, ದರ ಕೇಳುತ್ತಾರೆ. ಅಂಚು ಹೇಗಿರುತ್ತದೆ ಎಂದು ಕೇಳುವವರು ಕಡಿಮೆ. ಹುಬ್ಬಳ್ಳಿಯ ಒಣಹವೆಯಲ್ಲಿ ಆ ಪ್ರಶ್ನೆ ಕೇಳದಿದ್ದರೂ ನಡೆದೀತು. ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಮಳೆ ಹೊಡೆದು, ಉಳಿದ ತಿಂಗಳು ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ತುಕ್ಕು ಮೊದಲು ಹಿಡಿಯುವುದೇ ಅಂಚಿಗೆ. ಪಂಚ್ ಮಾಡಿದ ಅಂಚೇ ಬೇರೆ, ಲೇಸರ್ ಕೊರೆದ ಅಂಚೇ ಬೇರೆ.

ಕುಟ್ಟಿ ತೆಗೆಯುವುದು

ಹಳೆಯ ಬಸ್ ಕಂಡಕ್ಟರುಗಳ ಕೈಯಲ್ಲಿ ಟಿಕೆಟ್ ತೂತು ಮಾಡುವ ಇಕ್ಕಳ ಇರುತ್ತಿತ್ತಲ್ಲ, ಪಂಚಿಂಗ್ ಎಂದರೆ ಅಷ್ಟೇ. ಮೇಲೊಂದು ಗಟ್ಟಿ ಉಕ್ಕಿನ ಮೊಳೆಯಂಥ ಪಂಚ್, ಕೆಳಗೆ ಅದೇ ಆಕಾರದ ತೂತಿರುವ ಡೈ, ನಡುವೆ ತಗಡು. ಪಂಚ್ ಬಲವಾಗಿ ಇಳಿದರೆ ಬಿಲ್ಲೆಯೊಂದು ಕೆಳಗೆ ಬೀಳುತ್ತದೆ. ಟರೆಟ್ ಪಂಚ್ ಯಂತ್ರದಲ್ಲಿ ಇಂಥ ಹತ್ತಾರು ಜೋಡಿಗಳನ್ನು ಒಂದು ದುಂಡನೆಯ ಚಕ್ರದಲ್ಲಿ ಜೋಡಿಸಿರುತ್ತಾರೆ. ಯಾವ ಆಕಾರ ಬೇಕೋ ಆ ಜೋಡಿ ಸುತ್ತಿಕೊಂಡು ಹೊಡೆತದ ಜಾಗಕ್ಕೆ ಬರುತ್ತದೆ; ಹಿಡಿಕೆಗಳು ತಗಡನ್ನು ಹಿಂದೆ ಮುಂದೆ ಎಳೆದಾಡುತ್ತ ಸರಿಯಾದ ಜಾಗ ಒಡ್ಡುತ್ತವೆ. ಒಂದು ನಿಮಿಷಕ್ಕೆ ನೂರಾರು ಹೊಡೆತ. ಅಕ್ಕಪಕ್ಕದ ಮನೆಯವರಿಗೆ ಮಾತ್ರ ಇದು ಸುಖದ ಸಂಗತಿಯಲ್ಲ.

ಇದಕ್ಕೆ ಬೇಕಾದ ಬಲ ಲೆಕ್ಕ ಹಾಕುವುದು ಸುಲಭ. ತೂತಿನ ಸುತ್ತಳತೆಯನ್ನು ತಗಡಿನ ದಪ್ಪದಿಂದ ಗುಣಿಸಿ, ಬಂದದ್ದನ್ನು ಆ ಲೋಹ ಕತ್ತರಿಸಿಕೊಳ್ಳಲು ಒಡ್ಡುವ ಪ್ರತಿರೋಧದಿಂದ ಗುಣಿಸಿ. ಸಾಮಾನ್ಯ ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಉಕ್ಕು) ತಗಡಿಗೆ ಆ ಪ್ರತಿರೋಧ ಚದರ ಮಿಲಿಮೀಟರಿಗೆ ಸುಮಾರು 350 ನ್ಯೂಟನ್. 2 ಮಿ.ಮೀ. ತಗಡಿನಲ್ಲಿ 10 ಮಿ.ಮೀ. ತೂತು ಎಂದರೆ ಹತ್ತಿರ ಹತ್ತಿರ 22,000 ನ್ಯೂಟನ್, ಅಂದರೆ 2.2 ಟನ್. ಎರಡು ಸಣ್ಣ ಕಾರುಗಳ ತೂಕವನ್ನು ಬೆರಳಿನಷ್ಟು ಅಗಲದ ಮೊಳೆಯ ಮೇಲೆ ಹೇರಿದ ಹಾಗೆ. ತೂತು 50 ಮಿ.ಮೀ. ಆದರೆ ಅದೇ ತಗಡಿಗೆ 11 ಟನ್. ಸಾಮಾನ್ಯ ಟರೆಟ್ ಯಂತ್ರಗಳ ಸಾಮರ್ಥ್ಯ 20ರಿಂದ 30 ಟನ್ ಆಸುಪಾಸು. ಹಾಗಾಗಿ ದಪ್ಪ ಹೆಚ್ಚಾದಂತೆ ಪಂಚಿಂಗ್ ಬೇಗ ಸೋಲುತ್ತದೆ.

ಇನ್ನೊಂದು ಕಟ್ಟುಪಾಡು ಇದೆ. ತೂತಿನ ವ್ಯಾಸ ತಗಡಿನ ದಪ್ಪಕ್ಕಿಂತ ಕಡಿಮೆ ಇರಬಾರದು. 3 ಮಿ.ಮೀ. ತಗಡಿನಲ್ಲಿ 2 ಮಿ.ಮೀ. ತೂತು ಹೊಡೆಯಲು ಹೋದರೆ ತಗಡಿಗಿಂತ ಮೊದಲು ಪಂಚೇ ಮುರಿಯುತ್ತದೆ. ಸ್ಟೇನ್‌ಲೆಸ್ ಆದರೆ ಇನ್ನೂ ದೊಡ್ಡ ತೂತೇ ಬೇಕು.

ಈಗ ಅಂಚಿಗೆ ಬರೋಣ. ಪಂಚ್ ಮಾಡಿದ ತೂತಿನ ಒಳಗೋಡೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದು ಒಂದೇ ಸಮ ಇರುವುದಿಲ್ಲ. ಮೇಲ್ಭಾಗದಲ್ಲಿ ತಗಡು ಸ್ವಲ್ಪ ಒಳಗೆ ಬಾಗಿದ ದುಂಡಂಚು. ಅದರ ಕೆಳಗೆ ಪಂಚು ನಿಜವಾಗಿ ಸವರಿಕೊಂಡು ಇಳಿದ ಹೊಳೆಯುವ ಪಟ್ಟಿ. ದಪ್ಪದ ಮೂರನೇ ಒಂದು ಭಾಗದಷ್ಟು ಇಳಿಯುವ ಹೊತ್ತಿಗೆ ಲೋಹ ತಾಳಲಾರದೆ ಬಿರಿಯುತ್ತದೆ, ಹಾಗಾಗಿ ಅದರ ಕೆಳಗಿನದೆಲ್ಲ ಒರಟು ಮೈ. ಕೊನೆಯಲ್ಲಿ, ಡೈ ಕಡೆಗೆ, ಚೂಪಾಗಿ ಚಾಚಿಕೊಂಡ ಮುಳ್ಳು. ವರ್ಕ್‌ಶಾಪಿನಲ್ಲಿ ಅದಕ್ಕೆ ಬರ್ ಎನ್ನುತ್ತಾರೆ. ಹೊಸ ಹುಡುಗರು ಮೊದಲ ವಾರದಲ್ಲೇ ಅಂಗೈ ಕುಯ್ದುಕೊಂಡು ಈ ಪದ ಕಲಿಯುತ್ತಾರೆ.

ಬರ್ ಎಷ್ಟು ಬರುತ್ತದೆ ಎನ್ನುವುದು ಪಂಚಿಗೂ ಡೈಗೂ ನಡುವಿನ ಸಂದಿನ ಮೇಲೆ ನಿಂತಿದೆ. ಎಂ.ಎಸ್. ತಗಡಿಗೆ ಆ ಸಂದು ಒಟ್ಟು ದಪ್ಪದ 20 ಶೇಕಡಾ ಎಂದು ಲೆಕ್ಕ ಹಿಡಿಯುತ್ತಾರೆ. 2 ಮಿ.ಮೀ. ತಗಡಿಗೆ 0.4 ಮಿ.ಮೀ., ಎಂದರೆ ಒಂದೊಂದು ಬದಿಗೆ 0.2. ಅಲ್ಯೂಮಿನಿಯಂಗೆ ಕಡಿಮೆ, ಸ್ಟೇನ್‌ಲೆಸ್‌ಗೆ ತುಸು ಹೆಚ್ಚು. ಸಂದು ತಪ್ಪಿದರೆ ಅಥವಾ ಪಂಚಿನ ಮೊನೆ ಸವೆದಿದ್ದರೆ ಮುಳ್ಳು ಬೆಳೆಯುತ್ತದೆ. ಒಳ್ಳೆಯ ಅಂಗಡಿಯವರು ಟೂಲನ್ನು ಕಾಲಕಾಲಕ್ಕೆ ಸಾಣೆ ಹಿಡಿಸುತ್ತಾರೆ. ಕೆಲವರು ಮುಳ್ಳು ಬಂದ ಮೇಲೆ ಗ್ರೈಂಡರ್ ಹಿಡಿಯುತ್ತಾರೆ. ಇಬ್ಬರ ದರದಲ್ಲಿ ವ್ಯತ್ಯಾಸವಿದ್ದರೆ ಕಾರಣ ಇಲ್ಲೇ ಇರಬಹುದು.

ಲೇಸರಿಗೆ ಸಾಧ್ಯವೇ ಇಲ್ಲದ ಒಂದು ವಿದ್ಯೆ ಪಂಚಿಗಿದೆ. ಅದು ತಗಡನ್ನು ಕತ್ತರಿಸದೆ ಉಬ್ಬಿಸಬಲ್ಲದು. ಪ್ಯಾನೆಲ್ ಪೆಟ್ಟಿಗೆಯ ಬದಿಯಲ್ಲಿ ಗಾಳಿಯಾಡಲು ರೆಪ್ಪೆಯಂಥ ಸೀಳುಗಳಿರುತ್ತವಲ್ಲ, ಆ ಲೂವರ್‌ಗಳು ಒಂದೇ ಹೊಡೆತದಲ್ಲಿ ಸೀಳಿ ಉಬ್ಬಿ ಬರುತ್ತವೆ. ಬಾಯಿ ಕೆಳಮುಖ ಇಟ್ಟರೆ ಆಷಾಢದ ಮಳೆ ಒಳಗೆ ಹೋಗದು, ಬಿಸಿಗಾಳಿ ಹೊರಗೆ ಬರುತ್ತದೆ. ಕೇಬಲ್ ಬರುವ ಜಾಗದಲ್ಲಿ ಬೇಕೆಂದಾಗ ಸುತ್ತಿಗೆಯಿಂದ ತಟ್ಟಿ ಬೀಳಿಸುವ ನಾಕ್‌ಔಟ್ ಬಿಲ್ಲೆಯೂ ಪಂಚಿನ ಕೆಲಸ. ಸ್ಕ್ರೂ ಕೂರಿಸುವ ತೂತಿನ ಬಗ್ಗೆಯೂ ಹೇಳಬೇಕು. 1.2 ಮಿ.ಮೀ. ತಗಡಿನಲ್ಲಿ ಎಂ4 (4 ಮಿ.ಮೀ.) ಸ್ಕ್ರೂವಿಗೆ ಥ್ರೆಡ್, ಅಂದರೆ ಸುರುಳಿ ಗೆರೆ ತೆಗೆದರೆ ಸುತ್ತು ಎರಡೂ ಪೂರ್ತಿ ಸಿಗುವುದಿಲ್ಲ, ಯಾಕೆಂದರೆ ಒಂದೊಂದು ಸುತ್ತಿಗೆ 0.7 ಮಿ.ಮೀ. ಬೇಕು. ಪಂಚು ಅದೇ ತೂತಿನ ಬಾಯಿಯನ್ನು ಕೆಳಕ್ಕೆ ಎಳೆದು ಕೊರಳಿನ ಹಾಗೆ ಮಾಡಿದರೆ ಮೂರು ಸುತ್ತು ಕೂರುತ್ತದೆ, ಬೇರೆ ನಟ್ಟು ಬೆಸೆಯುವ ಗೋಜಿಲ್ಲ.

ಕಾರವಾರದವರ ಪೆಟ್ಟಿಗೆಯಲ್ಲಿ ಇದ್ದದ್ದು ಇವೇ: ಲೂವರ್, ನಾಕ್‌ಔಟ್, ಸ್ಕ್ರೂ ತೂತು. ಲೇಸರ್ ಕೇಳಿದ ಅವರಿಗೆ ಇದನ್ನು ತೋರಿಸಿದಾಗ, "ಹಂಗಾದ್ರೆ ಪಂಚೇ ಮಾಡ್ಸಿ" ಎಂದರು.

ಬೆಳಕಿನಲ್ಲಿ ಕೊರೆಯುವುದು

ಸಣ್ಣವರಿದ್ದಾಗ ಭೂತಗನ್ನಡಿ ಹಿಡಿದು ಬಿಸಿಲಲ್ಲಿ ಕಾಗದ ಸುಟ್ಟವರಿಗೆ ಲೇಸರಿನ ಮೂಲ ತತ್ವ ಹೇಳಿಕೊಡಬೇಕಿಲ್ಲ. ಬೆಳಕನ್ನು ಒಂದು ಚುಕ್ಕೆಗೆ ಕೂಡಿಸುವುದು. ಬಿಸಿಲಿನ ಬದಲು ಒಂದೇ ಬಣ್ಣದ, ಒಂದೇ ಲಯದ ಬೆಳಕು. ಕಾಗದದ ಬದಲು ಉಕ್ಕು.

ಮೊದಲ ಲೇಸರನ್ನು 1960ರಲ್ಲಿ ಅಮೆರಿಕದಲ್ಲಿ ಥಿಯೊಡೋರ್ ಮೈಮನ್ ಬೆಳಗಿಸಿದರು. ಆದರೆ ಕಾರ್ಖಾನೆಗೆ ಬರುವಷ್ಟು ಶಕ್ತಿ ಅದಕ್ಕೆ ಇರಲಿಲ್ಲ. ಆ ಶಕ್ತಿ ಕೊಟ್ಟ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದವರು ಕುಮಾರ್ ಪಟೇಲ್, ನಮ್ಮ ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದವರು. ಮೂರು ವರ್ಷದ ಬಳಿಕ, 1967ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ವೆಲ್ಡಿಂಗ್ ಸಂಶೋಧನಾ ಸಂಸ್ಥೆಯಲ್ಲಿ ಪೀಟರ್ ಹೋಲ್ಡ್‌ಕ್ರಾಫ್ಟ್ ಅವರ ತಂಡ ಲೇಸರ್ ಕಿರಣದ ಜತೆಗೇ ಆಮ್ಲಜನಕವನ್ನೂ ಊದಿ 1 ಮಿ.ಮೀ. ಉಕ್ಕನ್ನು ಕತ್ತರಿಸಿತು. ಅವರ ಲೇಸರಿನ ಶಕ್ತಿ 300 ವಾಟ್. ನಮ್ಮ ಅಡುಗೆಮನೆಯ ಸಣ್ಣ ಮಿಕ್ಸರಿಗೂ ಅದಕ್ಕಿಂತ ಹೆಚ್ಚು ವಾಟ್ ಬೇಕು! ಅಷ್ಟರಲ್ಲೇ ಉಕ್ಕು ಕತ್ತರಿಸಲು ಸಾಧ್ಯವಾದದ್ದು ಆ ಗ್ಯಾಸಿನಿಂದ.

ಲೇಸರ್ ಕಟಿಂಗ್ ಎಂದರೆ ಬರೀ ಬೆಳಕು ಎಂದುಕೊಂಡವರಿಗೆ ತಪ್ಪಿಹೋಗುವ ಅಂಶ ಈ ಗ್ಯಾಸು. ಕಿರಣ ಲೋಹವನ್ನು ಕರಗಿಸುತ್ತದೆ, ಕರಗಿದ್ದನ್ನು ಸೀಳಿನಿಂದ ಕೆಳಕ್ಕೆ ಊದಿ ಹಾಕುವುದು ಗ್ಯಾಸು. ಆಮ್ಲಜನಕ ಊದಿದರೆ ಕಬ್ಬಿಣ ಉರಿಯುತ್ತದೆ. ಉರಿದಾಗ ಹುಟ್ಟುವ ಬಿಸಿಯೂ ಕತ್ತರಿಸುವ ಕೆಲಸಕ್ಕೇ ಸೇರುತ್ತದೆ. ಹೀಗಾಗಿ ಕಡಿಮೆ ಶಕ್ತಿಯ ಯಂತ್ರದಲ್ಲೂ ದಪ್ಪ ಎಂ.ಎಸ್. ಪ್ಲೇಟು ಕತ್ತರಿಸಬಹುದು. ಸಾರಜನಕ ಊದಿದರೆ ಉರಿ ಇಲ್ಲ, ಕರಗಿದ ಲೋಹವನ್ನು ಹೆಚ್ಚಿನ ಒತ್ತಡದಲ್ಲಿ ತಳ್ಳಬೇಕು. ಗ್ಯಾಸು ಬಹಳ ಖರ್ಚಾಗುತ್ತದೆ, ಆದರೆ ಅಂಚು ಬೆಳ್ಳಿಯ ಹಾಗೆ ಬರುತ್ತದೆ.

ಹಿಂದಿನ ಕಾರ್ಬನ್ ಡೈಆಕ್ಸೈಡ್ ಯಂತ್ರಗಳ ಜಾಗಕ್ಕೆ ಈಗ ಗಾಜಿನ ಎಳೆಯೊಳಗೆ ಬೆಳಕು ಹುಟ್ಟಿಸುವ ಫೈಬರ್ ಲೇಸರ್ ಬಂದಿದೆ. ಹಳೆಯದರ ಬೆಳಕಿನ ಅಲೆಯುದ್ದ 10.6 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಒಂದು ಮೈಕ್ರಾನ್), ಹೊಸದರದ್ದು ಸುಮಾರು 1.07. ಈ ಚಿಕ್ಕ ಅಲೆಯನ್ನು ಲೋಹಗಳು ಹೆಚ್ಚು ಹೀರಿಕೊಳ್ಳುತ್ತವೆ. ಹಿಂದೆ ಕನ್ನಡಿಯಂತೆ ಬೆಳಕನ್ನು ವಾಪಸು ಎಸೆಯುತ್ತಿದ್ದ ತಾಮ್ರ, ಹಿತ್ತಾಳೆಗಳೂ ಈಗ ಕತ್ತರಿಸಿಕೊಳ್ಳುತ್ತವೆ. ವಿದ್ಯುತ್ ಬಿಲ್ಲೂ ಇಳಿಯಿತು: ಹಳೆಯ ಯಂತ್ರ ತಾನು ಕುಡಿದ ವಿದ್ಯುತ್ತಿನ ಹತ್ತನೇ ಒಂದು ಭಾಗವನ್ನಷ್ಟೇ ಬೆಳಕಾಗಿ ಕೊಡುತ್ತಿತ್ತು, ಫೈಬರ್ ಸುಮಾರು ಮೂರನೇ ಒಂದು ಭಾಗ ಕೊಡುತ್ತದೆ.

ಲೇಸರಿನ ಸೀಳು ತೆಳು ತಗಡಿನಲ್ಲಿ 0.2 ಮಿ.ಮೀ. ಆಸುಪಾಸು. ಟೂಲ್ ಬೇಡ, ಚಿತ್ರದ ಕಂಪ್ಯೂಟರ್ ಫೈಲು ಕಳಿಸಿದರೆ ಸಾಕು. ಬಳ್ಳಿ, ನವಿಲು, ಕನ್ನಡ ಅಕ್ಷರದ ಒತ್ತಕ್ಷರ ಯಾವುದಾದರೂ ಸೈ. ಇಂಥದ್ದೇ ಬಾಗು ಪಂಚಿನಲ್ಲಿ ಬೇಕೆಂದರೆ ಸಣ್ಣ ದುಂಡು ಟೂಲಿನಿಂದ ಒಂದರ ಮೇಲೊಂದು ಹೊಡೆತ ಹಾಕುತ್ತ ಸಾಗಬೇಕು. ಅದಕ್ಕೆ ನಿಬ್ಲಿಂಗ್ ಎನ್ನುತ್ತಾರೆ, ಇಲಿ ಕಚ್ಚಿದ ರೊಟ್ಟಿಯ ಅಂಚಿನ ಹಾಗೆ ಕಾಣುತ್ತದೆ. ಕುಮಟೆಯವರ ಕಿರೀಟದ ಮಣಿಸಾಲುಗಳನ್ನು ಹಾಗೆ ಕಚ್ಚಿಸಲು ಹೋದರೆ ವೇಷಧಾರಿಯೇ ಗೇಟಿನಿಂದ ಇಳಿದು ಬಂದು ಜಗಳ ತೆಗೆಯುತ್ತಿದ್ದನೇನೋ.

ಒಂದು ಮಳೆಗಾಲ ಕಲಿಸಿದ್ದು

ನಾನೇ ಮಾಡಿಕೊಂಡ ತಪ್ಪೊಂದನ್ನು ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಕರಾವಳಿಯ ಮಂಜುಗಡ್ಡೆ ಘಟಕವೊಂದಕ್ಕೆ ಎಂ.ಎಸ್. ಪೆಟ್ಟಿಗೆಗಳನ್ನು ಮಾಡಿಕೊಟ್ಟೆ. 2 ಮಿ.ಮೀ. ತಗಡು, ಲೇಸರ್ ಕಟಿಂಗ್, ಮೇಲೆ ದಪ್ಪನೆಯ ಪೌಡರ್ ಕೋಟಿಂಗ್. ನೋಡಲು ಚೆಂದವಿತ್ತು. ಗಣೇಶ ಚೌತಿಯ ಹೊತ್ತಿಗೆ ಫೋನ್ ಬಂತು. ಹೋಗಿ ನೋಡಿದರೆ ಮಟ್ಟಸ ಮೈಯೆಲ್ಲ ಹೊಸದರಂತೆಯೇ ಇದೆ; ಕತ್ತರಿಸಿದ ಅಂಚುಗಳಲ್ಲಿ ಮಾತ್ರ ಬಣ್ಣ ಕಾವಲಿಯ ದೋಸೆ ಎದ್ದ ಹಾಗೆ ಎದ್ದು ನಿಂತಿತ್ತು. ಉಗುರಿನಿಂದ ಎಳೆದರೆ ಪಟ್ಟಿಪಟ್ಟಿಯಾಗಿ ಬಂತು. ಅದರ ಹಿಂಬದಿಗೆ ಕಪ್ಪು ಪುಡಿ ಅಂಟಿಕೊಂಡಿತ್ತು.

ಆ ಕಪ್ಪು ಪುಡಿ ಕಬ್ಬಿಣದ ಆಕ್ಸೈಡ್. ಆಮ್ಲಜನಕದಲ್ಲಿ ಕತ್ತರಿಸಿದಾಗ ಅಂಚಿನ ಮೇಲೆ ಆಕ್ಸೈಡಿನ ತೆಳು ಪದರ ಉಳಿಯುತ್ತದೆ. ಅದು ಉಕ್ಕಿಗೆ ಗಟ್ಟಿಯಾಗಿ ಅಂಟಿರುವುದಿಲ್ಲ. ಬಣ್ಣ ಆ ಪದರಕ್ಕೆ ಅಂಟುತ್ತದೆ, ಪದರವೇ ಉಕ್ಕನ್ನು ಬಿಟ್ಟು ಏಳುತ್ತದೆ. ಉಪ್ಪುನೀರಿಗೆ ಅಷ್ಟು ಸಂದಿ ಸಾಕು. ತಪ್ಪು ಕತ್ತರಿಸಿದವರದ್ದಲ್ಲ, ಯಾವ ಗ್ಯಾಸಿನಲ್ಲಿ ಕತ್ತರಿಸಬೇಕು ಎಂದು ಬರೆಯದೆ ಆರ್ಡರ್ ಕೊಟ್ಟ ನನ್ನದು. ಸಾರಜನಕದಲ್ಲಿ ಕತ್ತರಿಸಿದ್ದರೆ, ಇಲ್ಲವೇ ಕೋಟಿಂಗ್‌ಗೆ ಮೊದಲು ಅಂಚನ್ನು ಉಜ್ಜಿಸಿ ಆ ಪದರ ತೆಗೆಸಿದ್ದರೆ ಹೀಗಾಗುತ್ತಿರಲಿಲ್ಲ.

ಹಾಗೆಂದು ಪಂಚಿನ ಅಂಚು ಪೂರ್ತಿ ನಿರಪರಾಧಿ ಅಲ್ಲ. ಅಲ್ಲಿ ಆಕ್ಸೈಡ್ ಇಲ್ಲ, ಆದರೆ ಮುಳ್ಳಿದೆ. ಚೂಪು ಮೊನೆಯ ಮೇಲೆ ಬಣ್ಣ ತೆಳ್ಳಗೆ ಕೂರುತ್ತದೆ, ತುಕ್ಕು ಅಲ್ಲಿಂದ ಒಳಗೆ ಬರುತ್ತದೆ. ಕಾರವಾರದ ಪೆಟ್ಟಿಗೆಗೆ ಪಂಚಿಂಗ್ ಒಪ್ಪಿಸಿದ ಮೇಲೂ ಬರ್ ತೆಗೆಸಿ ಅಂಚನ್ನು ತುಸು ದುಂಡಗೆ ಮಾಡಿಸುವ ಖರ್ಚನ್ನು ದರದಲ್ಲಿ ಸೇರಿಸಿದೆ.

ಜಿ.ಐ., ಅಂದರೆ ಸತು ಲೇಪಿಸಿದ ಉಕ್ಕಿನ ತಗಡಿನ ಲೆಕ್ಕ ಬೇರೆ. ಅದರ ಮೈಮೇಲಿನ ಸತು 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಆವಿಯಾಗುತ್ತದೆ, ಉಕ್ಕು ಕರಗಲು 1,500 ಡಿಗ್ರಿ ಹತ್ತಿರ ಬೇಕು. ಲೇಸರ್ ಹಾದುಹೋದ ಗೆರೆಯ ಪಕ್ಕದ ಸತು ಆ ಬಿಸಿಗೆ ಹಾರಿಹೋಗುತ್ತದೆ. ಪಂಚಿನಲ್ಲಿ ಬಿಸಿ ಇಲ್ಲದ್ದರಿಂದ ಸತು ಅಂಚಿನವರೆಗೂ ಉಳಿಯುತ್ತದೆ, ತುಸು ಒಳಗೂ ಸವರಿಕೊಂಡು ಇಳಿಯುತ್ತದೆ. ತೆಳು ತಗಡಿನಲ್ಲಿ ಪಕ್ಕದ ಸತು ತಾನು ಸವೆದು ಬೆತ್ತಲೆ ಅಂಚನ್ನು ಒಂದಿಷ್ಟು ಕಾಲ ಕಾಯುವುದರಿಂದ ಅದು ಎಷ್ಟು ಹತ್ತಿರ ಉಳಿದಿದೆ ಎನ್ನುವುದಕ್ಕೆ ಬೆಲೆಯಿದೆ. ತೆಳು ಜಿ.ಐ. ಕೆಲಸಕ್ಕೆ ನಾನು ಈಗಲೂ ಪಂಚಿಂಗ್ ಕಡೆಗೇ ವಾಲುತ್ತೇನೆ.

ಸ್ಟೇನ್‌ಲೆಸ್ ತುಕ್ಕೇ ಹಿಡಿಯುವುದಿಲ್ಲ ಎಂಬ ನಂಬಿಕೆ ಕಡಲ ಬದಿಯಲ್ಲಿ ನಿಲ್ಲದು. 304 ದರ್ಜೆಯ ಗೇಟು ಎರಡು ವರ್ಷದಲ್ಲಿ ಚಹಾ ಚೆಲ್ಲಿದಂತೆ ಕಲೆ ಹಿಡಿಯುತ್ತದೆ. ಮಾಲಿಬ್ಡಿನಂ ಎಂಬ ಲೋಹ ಬೆರೆತ 316 ಹೆಚ್ಚು ತಾಳುತ್ತದೆ, ದುಡ್ಡೂ ಹೆಚ್ಚು. ಯಾವ ದರ್ಜೆಯಾದರೂ ಲೇಸರ್‌ನಲ್ಲಿ ಕತ್ತರಿಸುವಾಗ ಸಾರಜನಕವೇ ಬೇಕು. ಎಂ.ಎಸ್. ಗ್ರೈಂಡ್ ಮಾಡುವ ಕಿಡಿ ಅದರ ಮೇಲೆ ಬೀಳಲೂಬಾರದು. ಅಂಟಿದ ಕಬ್ಬಿಣದ ಕಣ ಮೊದಲ ಮಳೆಗೇ ಕೆಂಪಾಗುತ್ತದೆ.

ಟ್ರೇಯ ಲೆಕ್ಕ

ಈಗ ಶಿರಸಿಯವರ ಟ್ರೇ. ಅದು ಸ್ಟೇನ್‌ಲೆಸ್ಸೇ ಯಾಕೆ ಎಂದು ಅಡಿಕೆ ಬೇಯಿಸಿದವರು ಯಾರೂ ಕೇಳುವುದಿಲ್ಲ. ಚೊಗರಿನಲ್ಲಿರುವ (ಅಡಿಕೆ ಬೇಯಿಸಿದ ನೀರಿನಲ್ಲಿರುವ) ಟ್ಯಾನಿನ್ ಕಬ್ಬಿಣಕ್ಕೆ ತಾಗಿದರೆ ಶಾಯಿಯಂತೆ ಕಪ್ಪಾಗುತ್ತದೆ, ಅಡಿಕೆಯ ಬಣ್ಣ ಕೆಟ್ಟರೆ ದರವೂ ಕೆಡುತ್ತದೆ.

ನಾಲ್ಕಡಿ ಉದ್ದ, ಎರಡಡಿ ಅಗಲ, 1.2 ಮಿ.ಮೀ. ದಪ್ಪ. 10 ಮಿ.ಮೀ. ತೂತುಗಳು, 15 ಮಿ.ಮೀ.ಗೆ ಒಂದರಂತೆ. ಅಂಚು ಬಿಟ್ಟು ಎಣಿಸಿದರೆ ಒಂದು ಟ್ರೇಗೆ ಸುಮಾರು 3,000 ತೂತು. ಲೇಸರ್ ಪ್ರತಿ ತೂತಿಗೂ ಮೊದಲು ಚುಚ್ಚಬೇಕು, ಆಮೇಲೆ 31 ಮಿ.ಮೀ. ಸುತ್ತಬೇಕು, ನಿಂತು ಮುಂದಿನದಕ್ಕೆ ಹೋಗಬೇಕು. ಸುತ್ತಿದ ದೂರವೇ 94 ಮೀಟರ್, ಚುಚ್ಚುವಿಕೆ 3,000. ಪಂಚಿನಲ್ಲಿ ಆರು ಮೊಳೆಗಳನ್ನು ಒಟ್ಟಿಗೆ ಕೂರಿಸಿದ ಕ್ಲಸ್ಟರ್ ಟೂಲ್ ಹಾಕಿದರೆ 500 ಹೊಡೆತ. ಸ್ಟೇನ್‌ಲೆಸ್‌ಗೆ ಬಲ ಹೆಚ್ಚು ಬೇಕು, ಆದರೂ ಆರು ತೂತಿಗೆ ಒಟ್ಟು 12 ಟನ್ ಒಳಗೇ ಮುಗಿಯುತ್ತದೆ. ನಿಮಿಷಕ್ಕೆ 200 ಹೊಡೆತ ಹಿಡಿದರೂ ಒಂದು ಟ್ರೇಗೆ ಎರಡೂವರೆ ನಿಮಿಷ. ಈಗಿನ ಹೆಚ್ಚು ಶಕ್ತಿಯ ಫೈಬರ್ ಯಂತ್ರಗಳು ಈ ಅಂತರವನ್ನು ಬಹಳ ಕಡಿಮೆ ಮಾಡಿವೆ ನಿಜ, ಆದರೆ ಒಂದೇ ಆಕಾರದ ಸಾವಿರಾರು ತೂತು ಎಂದಾಗ ಕ್ಲಸ್ಟರ್ ಟೂಲಿನ ಮುಂದೆ ಅವೂ ಏದುಸಿರು ಬಿಡುತ್ತವೆ.

ಹೀಗೆ ಒತ್ತಾಗಿ ತೂತು ಹೊಡೆದ ತಗಡು ಹಿಗ್ಗಿ ಹಪ್ಪಳದಂತೆ ಬಾಗುತ್ತದೆ. ರೋಲರ್‌ನಲ್ಲಿ ಹಾಯಿಸಿ ಮಟ್ಟ ಮಾಡಿಸಬೇಕು. ಲೇಸರ್ ಮಾಡಿಸಿದ್ದರೂ ಬಿಸಿಗೆ ಬಾಗುತ್ತಿತ್ತು, ಆ ಖರ್ಚು ಎರಡರಲ್ಲೂ ತಪ್ಪದು.

ಅವರಿಗೆ ಬೇಕಾಗಿದ್ದದ್ದು 60 ಟ್ರೇ. ಎರಡೇ ಟ್ರೇ ಆಗಿದ್ದರೆ ನಾನೇ ಲೇಸರ್ ಎನ್ನುತ್ತಿದ್ದೆ. ಕ್ಲಸ್ಟರ್ ಟೂಲ್ ಮಾಡಿಸುವ ಖರ್ಚು ಎರಡು ಟ್ರೇ ಮೇಲೆ ಬಿದ್ದರೆ ಅಡಿಕೆಗಿಂತ ತಟ್ಟೆ ದುಬಾರಿ.

ದಪ್ಪದ ವಿಷಯದಲ್ಲಿ ಚರ್ಚೆಯೇ ಬೇಡ. 6 ಮಿ.ಮೀ. ದಾಟಿದ ಪ್ಲೇಟು, ದೋಣಿಯ ಎಂಜಿನ್ ಕೂರಿಸುವ ಬ್ರಾಕೆಟ್ಟು ಇಂಥವೆಲ್ಲ ಲೇಸರಿಗೇ ಹೋಗಲಿ. ಒಂದೇ ಯಂತ್ರದಲ್ಲಿ ಪಂಚೂ ಲೇಸರೂ ಇರುವ ಜೋಡಿ ಯಂತ್ರಗಳೂ ಇವೆ. ಲೂವರನ್ನು ಪಂಚ್ ಹೊಡೆಯುತ್ತದೆ, ಹೊರಗಿನ ಬಾಗು ಅಂಚನ್ನು ಲೇಸರ್ ಕೊರೆಯುತ್ತದೆ. ಬೆಲೆ ಕೇಳಿದರೆ ನಮ್ಮಂಥವರು ಸುಮ್ಮನಾಗುತ್ತೇವೆ.

ನಮ್ಮ ಊರಿನಲ್ಲೇ ಲೇಸರ್ ಹಾಕೋಣ ಎಂದು ಯೋಚಿಸುವ ಹುಡುಗರು ಸಿಗುತ್ತಾರೆ. ಹಾಕಲಿ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕದ ಗಾಳಿಯನ್ನು ಲೆಕ್ಕಕ್ಕೆ ಹಿಡಿಯಲಿ. ಗ್ಯಾಸಿನ ಖರ್ಚು ಉಳಿಸಲು ಹಲವರು ಕಂಪ್ರೆಸರ್ ಗಾಳಿಯಲ್ಲೇ ತೆಳು ತಗಡು ಕತ್ತರಿಸುತ್ತಾರೆ. ಆ ಗಾಳಿಯಲ್ಲಿ ನೀರಿನ ಹನಿ, ಎಣ್ಣೆಯ ಹನಿ ಉಳಿದರೆ ಕಿರಣ ಹಾಯುವ ರಕ್ಷಣಾ ಗಾಜು ಮಸುಕಾಗಿ ಸುಡುತ್ತದೆ. ಕರಾವಳಿಯಲ್ಲಿ ಒಳ್ಳೆಯ ಏರ್ ಡ್ರೈಯರ್ ಇಲ್ಲದ ಲೇಸರ್ ಎಂದರೆ ಛತ್ರಿ ಇಲ್ಲದ ಮದುಮಗ. ಮರ ಬಿದ್ದು ಕರೆಂಟ್ ಹೋದರೆ ಅರ್ಧ ಕೊರೆದ ಶೀಟು ಹಾಗೇ ಉಳಿಯುತ್ತದೆ, ಮತ್ತೆ ಅದೇ ಗೆರೆಗೆ ಸೇರಿಸುವುದು ತಾಳ್ಮೆಯ ಕೆಲಸ.

ಟ್ರೇಗಳು ತಯಾರಾದ ದಿನ ಶಿರಸಿಯವರು ಒಂದನ್ನು ಎತ್ತಿ ಮೇಲ್ಮೈ ಸವರಿದರು, ನುಣುಪಾಗಿತ್ತು. ತಿರುವಿ ಕೆಳಬದಿ ಸವರಿದರು. "ಇಲ್ಲಿ ಸ್ವಲ್ಪ ತರಿತರಿ ಇದ್ದಲ್ಲ?" ಎಂದರು. ಬರ್ ತೆಗೆಸಿದ್ದರೂ ಡೈ ಕಡೆಯ ಮೈ ಬೆರಳಿಗೆ ಗೊತ್ತಾಗುತ್ತದೆ. ಡ್ರಾಯಿಂಗಿನ ಮೂಲೆ ತೋರಿಸಿದೆ. "ಬರ್ ಬದಿ ಕೆಳಗೆ" ಎಂದು ಬರೆದಿತ್ತು, ಅಡಿಕೆ ಹರಡುವುದು ಮೇಲ್ಬದಿಯಲ್ಲಿ. ಕಾರವಾರದ ಪೆಟ್ಟಿಗೆಯ ಡ್ರಾಯಿಂಗಿನಲ್ಲಿ ಅದೇ ಮೂಲೆಯಲ್ಲಿ "ಬರ್ ಒಳಮುಖ" ಎಂದಿದೆ, ಕುಮಟೆಯ ಗೇಟಿನದರಲ್ಲಿ "316, ಸಾರಜನಕದಲ್ಲೇ ಕಟ್" ಎಂದು.